ಕಂಬದ ಹಿಂದಿನ ಗಿರಾಕಿ

ಸಾನ್ವಿ, ಕಳೆದ ತಿಂಗಳು ಆ ಹೊಸ ಸೂಪರ್ ಮಾರ್ಕೆಟ್ಟಿನಲ್ಲಿ ನಿನಗೆ ನನ್ನ ಮೇಲೆ ಸಿಟ್ಟು ಬಂದದ್ದು ನ್ಯಾಯವೇ. ಬೆಳಿಗ್ಗೆ ಅವರು ಬಾಗಿಲೆತ್ತುವ ಹೊತ್ತಿಗೇ ನಾವಿಬ್ಬರೂ ಒಳಗೆ ಹೋಗಿದ್ದೆವು. ನಿನಗೆ ಶಾಲೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ನಮಗೆ ಬೇಕಾದದ್ದು ಬೇಳೆ, ಉಪ್ಪು ಮತ್ತು ನಿನ್ನ ತಮ್ಮನ ಬಿಸ್ಕೀಟು, ಅಷ್ಟೇ. ಬಿಲ್ಲು ಮಾಡುವ ಹುಡುಗಿ ಖಾಲಿ ಕೂತಿದ್ದಳು. "ಬನ್ನಿ ಅಮ್ಮ" ಎಂದು ಕರೆದಳು ಕೂಡ. ನಾನು ಮಾತ್ರ ಬುಟ್ಟಿ ಹಿಡಿದುಕೊಂಡು ಸಾಬೂನಿನ ಕಪಾಟಿನ ಕಡೆ ತಿರುಗಿ, ಒಂದು ಪೊಟ್ಟಣದ ಬೆನ್ನಿನ ಮೇಲೆ ಬರೆದದ್ದನ್ನೆಲ್ಲ ಓದತೊಡಗಿದೆ.

"ಅಜ್ಜೀ, ಸಾಬೂನು ಬೇಕಾ?" ಅಂದೆ ನೀನು.

"ಬ್ಯಾಡ."

"ಮತ್ತೆ ಎಂತಕ್ಕೆ ಓದ್ತಾ ನಿಂತಿದ್ದಿ? ನಾಳೆ ಪರೀಕ್ಷೆ ಉಂಟಾ?"

ಅಷ್ಟರಲ್ಲಿ ಯಾರೋ ಒಬ್ಬರು ಹಾಲಿನ ಪೊಟ್ಟಣ ಹಿಡಿದುಕೊಂಡು ಬಂದರು, ದುಡ್ಡು ಕೊಟ್ಟು ಹೋದರು. ಅವರು ಆಚೆ ದಾಟಿದ್ದೇ ತಡ, ನಾನು ಓಡುವವಳ ಹಾಗೆ ಹೋಗಿ ಬುಟ್ಟಿ ಇಟ್ಟೆ. ಮನೆಯ ಮೆಟ್ಟಿಲ ಹತ್ತಿರ ಬಂದಾಗ ನೀನು ಕೇಳಿದೆ, "ನೀನು ಯಾವಾಗ್ಲೂ ಹಿಂಗೇ. ಯಾರಾದ್ರೂ ಮೊದ್ಲು ಹೋಗ್ಲಿ ಅಂತ ಕಾಯ್ತಿ. ಎಂತಕ್ಕೆ ಹೇಳು." ಒಲೆಯ ಮೇಲೆ ಸಾರು ಇದೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಬಾಯಿಬಿಟ್ಟು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ಮಾತಾಡಲು ಹೊರಟರೆ ಎದುರಿಗಿದ್ದವರ ಮುಖ ಕಾಣುತ್ತದೆ. ಕಾಗದಕ್ಕೆ ಮುಖವಿಲ್ಲ. ನಮ್ಮೂರು ಕಾಗಾಲದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇಷ್ಟು ವರ್ಷ ಮದುವೆಯ ಕಾಗದ ಓದಲು, ಔಷಧದ ಬಾಟಲಿಯ ಹೆಸರು ನೋಡಲು ಬಿಟ್ಟರೆ ಬೇರೆ ಯಾವ ಉಪಯೋಗಕ್ಕೂ ಬಿದ್ದಿರಲಿಲ್ಲ. ಈಗ ನಿನಗೂ ನಿನ್ನ ತಮ್ಮನಿಗೂ ಉತ್ತರ ಕೊಡಲು ಬಳಸುತ್ತಿದ್ದೇನೆ. ಅಕ್ಷರ ಡೊಂಕಾಗಿದೆ ಎಂದು ನಗಬೇಡಿ. ಆಗ ನಮ್ಮ ಮಾಸ್ತರರ ಅಕ್ಷರವೂ ಹೀಗೇ ಇತ್ತು.

ಆ ಮಾಸ್ತರರು ನಮಗೆ ಲೆಕ್ಕ ಕಲಿಸುತ್ತಿದ್ದರು. ಒಬ್ಬ ವ್ಯಾಪಾರಿ ಇಷ್ಟು ಸೇರು ಅಕ್ಕಿ ಕೊಂಡನು, ಇಷ್ಟಕ್ಕೆ ಮಾರಿದನು, ಲಾಭವೆಷ್ಟು? ನಾನು ಪೇಟೆಯನ್ನು ನೋಡಿದ್ದು ಮೊದಲು ಆ ಲೆಕ್ಕಗಳಲ್ಲೇ. ಅಲ್ಲಿ ಎಲ್ಲರೂ ಹೇಳಿದ ದರಕ್ಕೆ ಕೊಳ್ಳುತ್ತಿದ್ದರು, ಯಾರೂ ಜಗಳ ಮಾಡುತ್ತಿರಲಿಲ್ಲ, ಯಾರ ಚೀಲವೂ ಹರಿಯುತ್ತಿರಲಿಲ್ಲ. ಪೇಟೆ ಎಂದರೆ ಬಹಳ ಮರ್ಯಾದಸ್ಥರ ಜಾಗ ಇರಬೇಕು ಎಂದು ಅಂದುಕೊಂಡಿದ್ದೆ. ಆ ಅಭಿಪ್ರಾಯ ಬದಲಿಸುವ ಸಂದರ್ಭ ಮದುವೆಯಾದ ಮೇಲೂ ಬರಲಿಲ್ಲ. ಯಾಕೆಂದರೆ ನಿಮ್ಮ ಅಜ್ಜ ಇದ್ದರು.

ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ದಿನವಿಡೀ ಕೆಲಸ ಮಾಡಿದ ಮನುಷ್ಯ, ಪೇಟೆಗೆ ಹೋಗುವ ದಿನ ಮಾತ್ರ ಮದುಮಗನ ಹಾಗೆ ತಯಾರಾಗುತ್ತಿದ್ದರು. ನಮ್ಮ ಮನೆಯಲ್ಲಿ ಹೆಂಗಸರು ಕುಮಟೆಯ ಪೇಟೆಯನ್ನು ತಿಳಿದದ್ದು ಅವರ ಚೀಲದಿಂದ ಹೊರಗೆ ಬಂದದ್ದರಿಂದಲೇ. ಜಡೆ ಹೆಣೆದ ಹಾಗೆ ಕಟ್ಟಿದ ಸಿಹಿ ಈರುಳ್ಳಿಯ ಗೊಂಚಲು ಹೊರಬಂದರೆ ಬೇಸಿಗೆ ಶುರುವಾಯಿತು ಎಂದು ಅರ್ಥ. ಒಮ್ಮೆ ನಾನು ಜೀರಿಗೆ ಹೇಳಿದ್ದೆ. ಅವರು ಸಾಸಿವೆ ತಂದರು. ಮರೆತೆ ಎನ್ನುವ ಮನುಷ್ಯರಲ್ಲ. "ಕುಮಟೆಲಿ ಜೀರಿಗೆಯೇ ಇಲ್ಲ, ಎಲ್ಲಾ ಖರ್ಚಾಗಿ ಹೋಗ್ಯದೆ" ಎಂದರು. ಅಷ್ಟು ದೊಡ್ಡ ಊರಿನಲ್ಲಿ ಜೀರಿಗೆ ಮುಗಿದದ್ದು ಅದೇ ಮೊದಲು, ಅದೇ ಕೊನೆ. ನಾನು ನಂಬಿದ ಹಾಗೆ ಮಾಡಿದೆ, ಅವರು ನಂಬಿಸಿದ ಹಾಗೆ ಮಾಡಿದರು. ಸಾರಿನ ರುಚಿ ಮಾತ್ರ ಇಬ್ಬರ ಮಾತನ್ನೂ ಕೇಳಲಿಲ್ಲ.

ಅವರು ಹೋದ ಮೇಲೆ ಚೀಲ ನನ್ನ ಕೈಗೆ ಬಂತು. ವರ್ಷಾಂತಿಕ ಮುಗಿಸಿ ನಾನು ಮೊದಲ ಸಲ ಒಬ್ಬಳೇ ಕುಮಟೆಗೆ ಹೋದೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯ ತರಕಾರಿ ಸಿಗುತ್ತದೆ ಎಂದು ಮೊದಲ ಬಸ್ಸಿಗೇ ಹೋದೆ. ತರಕಾರಿಯವನು ಆಗಷ್ಟೇ ಗೋಣಿ ಹಾಸಿ ಬೀನ್ಸು, ಬದನೆ ಎಲ್ಲ ರಾಶಿ ಹಾಕಿದ್ದ. ನಾನು ಬೀನ್ಸಿಗೆ ಕೈ ಹಾಕಿದೆ. ಅವನು ನನ್ನ ಹಣೆ ನೋಡಿದ, ಆಮೇಲೆ ತಕ್ಕಡಿ ನೋಡಿದ.

"ಅಮ್ಮ, ಒಂಚೂರು ಕೂತ್ಕಳಿ. ಬೋಣಿ ಆಗ್ಲಿ, ಕೊಡ್ತೆ" ಎಂದ.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಯಾರ ಕೈಯಿಂದ ಮೊದಲ ದುಡ್ಡು ಬರುತ್ತದೋ ಇಡೀ ದಿನದ ವ್ಯಾಪಾರ ಅವರ ಕೈಗುಣದ ಹಾಗೆ ಆಗುತ್ತದೆ ಎಂದು ನಂಬಿಕೆ. ಗಂಡ ಇಲ್ಲದವಳ ಕೈಯಿಂದ ಆಗಬಾರದು. ಇದು ನಿಮ್ಮ ಶಾಲೆಯ ಪುಸ್ತಕದಲ್ಲಿ ಇರಲಿಕ್ಕಿಲ್ಲ. ನನ್ನ ಪುಸ್ತಕದಲ್ಲೂ ಇರಲಿಲ್ಲ.

ಆ ಮನುಷ್ಯ ಕೆಟ್ಟವನಾಗಿದ್ದರೆ ಚೆನ್ನಾಗಿತ್ತು. ಅವನು ಟೊಮೆಟೋ ಪೆಟ್ಟಿಗೆ ಬೋರಲು ಹಾಕಿ, ಮೇಲೆ ಟವೆಲು ಹಾಸಿ ನನ್ನನ್ನು ಕೂರಿಸಿದ. ಕಾಗಾಲದಲ್ಲಿ ಮಳೆ ಹೇಗೆ ಎಂದು ವಿಚಾರಿಸಿದ. ತನ್ನ ಚಹಾದಲ್ಲಿ ಅರ್ಧ ಬಗ್ಗಿಸಿ ಕೊಟ್ಟ. ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಂದು ಮೆಂತ್ಯ ಸೊಪ್ಪು ಕೊಂಡಳು. ಅವಳ ದುಡ್ಡನ್ನು ಕಣ್ಣಿಗೊತ್ತಿಕೊಂಡು, ತಿರುಗಿ ನನಗೆ ಬೀನ್ಸನ್ನು ಒಂದೊಂದೇ ಆರಿಸಿ ಕೊಟ್ಟು, ಮೇಲೆ ಒಂದು ಹಿಡಿ ಹಸಿಮೆಣಸು ಕೊಸರು ಹಾಕಿದ. ಅಷ್ಟು ಮರ್ಯಾದೆಯಿಂದ ನನ್ನನ್ನು ಅದಕ್ಕೂ ಮೊದಲು ಯಾರೂ ಹಿಂದಕ್ಕೆ ಸರಿಸಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವನ್ನೂ ಅವನು ಉಳಿಸಲಿಲ್ಲ.

ಮರುವಾರದಿಂದ ನಾನೇ ಎಲ್ಲರ ತೊಂದರೆ ತಪ್ಪಿಸಿದೆ. ತಡವಾಗಿ ಹೋಗುವುದು, ಹೋದರೂ ದೂರ ನಿಲ್ಲುವುದು, ಯಾರಾದರೂ ಒಬ್ಬರು ಕೊಂಡ ಮೇಲೆ ಮುಂದೆ ಬರುವುದು. ಯಾರೂ ಹೇಳುವ ಅಗತ್ಯವೇ ಬೀಳಲಿಲ್ಲ. ಕೆಲವು ಪಾಠ ಒಂದೇ ಸಲಕ್ಕೆ ಬರುತ್ತವೆ. ಭಾಗಾಕಾರ ನನಗೆ ಇನ್ನೂ ಬರುವುದಿಲ್ಲ.

ಆಮೇಲೆ ನಿಮ್ಮ ಅಮ್ಮನಿಗೆ ಭಟ್ಕಳದ ಶಾಲೆಗೆ ವರ್ಗವಾಯಿತು. ನಿಮ್ಮಪ್ಪನ ಕೆಲಸ ಹೊನ್ನಾವರದಲ್ಲಿ, ದಿನಾ ಹೋಗಿ ಬರುವುದು. ಮನೆಯಲ್ಲಿ ಅಡುಗೆಗೆ, ನಿಮ್ಮಿಬ್ಬರಿಗೆ ಜನ ಬೇಕು ಎಂದು ನನ್ನನ್ನು ಕರೆದರು. ಹೊನ್ನಾವರದ ಸೇತುವೆ ದಾಟುವಾಗ ನನಗೆ ಮನೆ ಬಿಟ್ಟ ದುಃಖಕ್ಕಿಂತ ಹೆಚ್ಚಾಗಿ ಒಂದೇ ಯೋಚನೆ: ಅಲ್ಲಿ ಸಾಮಾನು ತರುವವರು ಯಾರು? ಉತ್ತರ ನನ್ನ ತೊಡೆಯ ಮೇಲೇ ಮಡಿಸಿ ಇಟ್ಟಿತ್ತು. ನಿಮ್ಮ ಅಮ್ಮ ಹೊಸ ಚೀಲ ಕೊಂಡಿದ್ದಳು.

ಭಟ್ಕಳದಲ್ಲಿ ಎಲ್ಲ ಹೊಸತು. ಉಪ್ಪಿನ ಆಗರದ ಪಕ್ಕದ ಊರಿನಿಂದ ಬಂದವಳು ಉಪ್ಪನ್ನು ಬಣ್ಣದ ಪೊಟ್ಟಣದಲ್ಲಿ ಕೊಂಡೆ. ನಮ್ಮ ಹೊಳೆಯ ಚಿಪ್ಪುಮೀನು ಬೆಳಚು ಇಲ್ಲಿ ಯಾರ ಹತ್ತಿರ ಕೇಳುವುದು ಎಂದು ತಿಳಿಯದೆ ಅದರ ಆಸೆಯನ್ನೇ ಬಿಟ್ಟೆ. ಅಂಗಡಿಯವರು ಒಬ್ಬರ ಹತ್ತಿರ ಕೊಂಕಣಿ, ಇನ್ನೊಬ್ಬರ ಹತ್ತಿರ ಇಲ್ಲಿನ ಮುಸ್ಲಿಮರ ನವಾಯತಿ, ಮೂರನೆಯವರ ಹತ್ತಿರ ಕನ್ನಡ ಮಾತಾಡುತ್ತ ಒಂದೇ ಉಸಿರಿಗೆ ಮೂವರಿಗೂ ಚಿಲ್ಲರೆ ಕೊಡುತ್ತಿದ್ದರು. ನನಗೆ ಇರುವ ಒಂದು ಭಾಷೆಯೂ ಅವರ ಮುಂದೆ ಬಾಯಿಗೆ ಬರುತ್ತಿರಲಿಲ್ಲ. ಬೆರಳು ತೋರಿಸಿ ಕೊಳ್ಳುತ್ತಿದ್ದೆ. ನಾನು ಮೂಗಿ ಎಂದು ತಿಳಿದು ಒಬ್ಬ ಅಂಗಡಿಯವನು ಒಂದು ವಾರ ಸನ್ನೆಯಲ್ಲೇ ದರ ಹೇಳಿದ. ಅವನಿಗೆ ಬೇಸರವಾಗಬಾರದು ಎಂದು ನಾನೂ ತಿದ್ದಲಿಲ್ಲ.

"ಅಮ್ಮ, ಒಂದು ಸಣ್ಣ ಬಿಂದಿ ಹಚ್ಕಂಡ್ರೆ ಮುಗೀತು. ಈಗ ಎಲ್ಲರೂ ಹಚ್ತ್ರು. ಯಾರಿಗೆ ಗೊತ್ತಾಗ್ತದೆ?" ಎಂದಳು, ಇಲ್ಲೂ ನಾನು ಬೋಣಿಗೆ ಹೆದರಿ ಹಿಂದೆ ನಿಲ್ಲುವುದನ್ನು ನೋಡಿದ ನಿಮ್ಮ ಅಮ್ಮ. ಒಂದು ದಿನ ಹಚ್ಚಿಕೊಂಡೆ. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯವರು "ಎಂತ ಅಮ್ಮ, ಮದುವೆಮನೆಗಾ?" ಎಂದು ಕೇಳಿದರು. ವಾಪಸು ಬಂದು ತೆಗೆದು ಕನ್ನಡಿಗೆ ಅಂಟಿಸಿದೆ. ಕನ್ನಡಿಗೆ ಚೆನ್ನಾಗಿ ಒಪ್ಪಿತು.

ಮೀನುಪೇಟೆಯಲ್ಲಿ ನನಗೆ ಒಂದು ಅನುಕೂಲವಿತ್ತು: ಕಂಬ. ಅದರ ಹಿಂದೆ ನಿಂತರೆ ದುರ್ಗಮ್ಮನ ಬುಟ್ಟಿ ಕಾಣುತ್ತದೆ, ನಾನು ಅಷ್ಟಾಗಿ ಕಾಣುವುದಿಲ್ಲ. ದುರ್ಗಮ್ಮ ಬೆಳಕೆ ಊರಿನವಳು. ಬೆಳಿಗ್ಗೆ ಟೆಂಪೋದಲ್ಲಿ ಮೀನು ತಂದು ಕೂರುತ್ತಾಳೆ. ದನಿ ಎಂದರೆ ದನಿ. ಅವಳು ಬಂಗಡೆ ಎಂದು ಕೂಗಿದರೆ ಬಂಗಡೆಗೇ ಎಚ್ಚರವಾಗಬೇಕು. ಅವಳಿಗೆ ದಿನಾ ಬೋಣಿ ಮಾಡುತ್ತಿದ್ದವರು ಒಬ್ಬ ವಯಸ್ಸಾದ ನವಾಯತ ಸಾಹೇಬರು, ಬಿಳಿ ಗಡ್ಡ, ಕೈಯಲ್ಲಿ ಮಡಿಸಿದ ಕೊಡೆ. ಅವರು ಕೊಂಡು ತಿರುಗಿದ ಕೂಡಲೇ ನಾನು ಮುಂದೆ ಬರುತ್ತಿದ್ದೆ. ಇದು ಎಷ್ಟು ದಿನ ನಡೆಯಿತೆಂದರೆ, ತಾನು ಆರಿಸಿದ ಮೀನನ್ನೇ ನೋಡಿ ಈ ಹೆಂಗಸು ಕೊಳ್ಳುತ್ತಾಳೆ ಎಂದು ಸಾಹೇಬರಿಗೆ ಅನಿಸಿರಬೇಕು. ಒಂದು ದಿನ ನಿಂತು, ಬಂಗಡೆಯ ಕಿವಿರು ಎತ್ತಿ ತೋರಿಸಿ, "ನೋಡಿ ಅಮ್ಮ, ಹೀಗೆ ಕೆಂಪು ಇರ್ಬೇಕು. ಕಪ್ಪಾದ್ರೆ ತಗೊಳ್ಬೇಡಿ" ಎಂದು ಕಲಿಸಿದರು. ಹುಟ್ಟಿದಾಗಿನಿಂದ ಹೊಳೆಯ ದಡದಲ್ಲಿ ಮೀನು ತಿಂದು ಬೆಳೆದವಳು ನಾನು. ತಲೆಯಾಡಿಸಿ ಕಲಿತುಕೊಂಡೆ.

ದುರ್ಗಮ್ಮ ಮಾತ್ರ ಬೇರೆಯೇ ಲೆಕ್ಕ ಹಾಕಿದ್ದಳು. ಹೊತ್ತು ಏರಿದ ಹಾಗೆ ಮೀನಿನ ದರ ಇಳಿಯುತ್ತದಲ್ಲ, ನಾನು ಅದಕ್ಕೇ ಕಾಯುವ ಗಟ್ಟಿಗಿತ್ತಿ ಎಂದು ಅವಳ ತೀರ್ಮಾನ. ಹಾಗಾಗಿ ನಾನು ಮುಂದೆ ಬಂದ ಕೂಡಲೇ ದಿನಾ ತಾನೇ ದರ ಇಳಿಸಿ ಹೇಳುತ್ತಿದ್ದಳು. "ಬಂದ್ರು ಕಾಣಿ ಕಂಬದಮ್ಮ! ಬಾಯಿಬಿಡದೆ ದರ ಇಳಿಸ್ತ್ರು" ಎಂದು ಪಕ್ಕದವಳಿಗೆ ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಹೆಬಳೆ ಕಡೆಯಿಂದ ಬರುವ ಹೆಂಗಸರ ಒಂದು ಗುಂಪು ಈ ಮಾತನ್ನು ನಂಬಿತು. ಅವರೂ ಕಾಯತೊಡಗಿದರು. ನಾನು ಕಂಬ ಬಿಟ್ಟು ಹೊರಟರೆ ದರ ಕೆಳಗೆ ಮುಟ್ಟಿದೆ ಎಂದು ಅರ್ಥ. ಎಲ್ಲರೂ ನನ್ನ ಹಿಂದೆ. ಜೀವನದಲ್ಲಿ ಒಂದು ರೂಪಾಯಿಗೂ ಚೌಕಾಸಿ ಮಾಡದವಳು ಮೀನುಪೇಟೆಯ ಚೌಕಾಸಿಯ ಮುಂದಾಳಾದೆ. ಬೇಡ ಎಂದು ಹೇಳಲು ಯಾರಾದರೂ ಕೇಳಬೇಕಲ್ಲ.

ಈ ಮಳೆಗಾಲದಲ್ಲಿ, ಸಾನ್ವಿ, ನಿನಗೆ ಜ್ವರ ಬಂದಿತ್ತು. ಬಿಟ್ಟ ದಿನ ಬೆಳಿಗ್ಗೆ ಎದ್ದವಳೇ ನೊಗಲಿ ಮೀನಿನ ಸಾರು ಬೇಕು ಎಂದೆ. ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದವಳು ಬಾಯಿಬಿಟ್ಟು ಕೇಳಿದ್ದೀಯ. ನಾನು ಚೀಲ ಹಿಡಿದು ಹೊರಟೆ. ದೊಡ್ಡ ಬೋಟುಗಳು ಕಡಲಿಗಿಳಿಯದ ಕಾಲ, ಮೀನೇ ಕಡಿಮೆ. ಪೇಟೆಯಲ್ಲಿ ನೊಗಲಿ ಇದ್ದದ್ದು ದುರ್ಗಮ್ಮನ ಬುಟ್ಟಿಯಲ್ಲಿ ಮಾತ್ರ. ದರವೂ ಅದಕ್ಕೆ ತಕ್ಕ ಹಾಗೆ ಮೇಲಿತ್ತು. ಸಾಹೇಬರ ದಾರಿ ನೋಡಿದೆ. ಅವರು ಹೊನ್ನಾವರದ ಮಗಳ ಮನೆಗೆ ಹೋಗಿದ್ದಾರೆ ಎಂದು ಆಮೇಲೆ ತಿಳಿಯಿತು.

ನಾನು ಕಂಬದ ಹಿಂದೆ ಯಾರಾದರೂ ಬೋಣಿ ಮಾಡಲಿ ಎಂದು ಕಾಯುತ್ತ ನಿಂತೆ. ಹೆಬಳೆಯ ಹೆಂಗಸರು ನಾನು ಯಾವಾಗ ಹೊರಡುತ್ತೇನೆ ಎಂದು ಕಾಯುತ್ತ ಗೋಡೆಯ ಬದಿಗೆ ನಿಂತರು. ಹೊರಗೆ ಮಳೆ ಹೊಯ್ಯುತ್ತಿತ್ತು. ಬೇರೆ ಗಿರಾಕಿ ಇಲ್ಲ. ಇಡೀ ಪೇಟೆ ಒಬ್ಬರನ್ನೊಬ್ಬರು ಕಾಯುತ್ತ ನಿಂತುಬಿಟ್ಟಿತು.

ಕೊನೆಗೆ ದುರ್ಗಮ್ಮನ ತಾಳ್ಮೆ ಹರಿಯಿತು. "ಎಂತ, ಎಲ್ಲರೂ ಗೋಡೆ ಬೀಳ್ತದೆ ಅಂತ ಹಿಡ್ಕಂಡು ನಿಂತಿದ್ರಾ? ಕಂಬದಮ್ಮಾ, ಇವ್ರಿಗೆಲ್ಲಾ ನೀವೇ ಗುರು. ಇವತ್ತು ಸಂಜೆವರೆಗೆ ನಿಂತ್ರೂ ದರ ಇಳೂದಿಲ್ಲ. ಬನ್ನಿ, ಬೋಣಿ ಮಾಡಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಓಡಿಹೋಗೋಣ ಎಂದರೆ ನಿನ್ನ ಸಾರು. ಬುಟ್ಟಿಯ ಹತ್ತಿರ ಹೋಗಿ ಬಗ್ಗಿ, ಯಾರಿಗೂ ಕೇಳದ ಹಾಗೆ, "ನನ್ನ ಬೋಣಿ ಬ್ಯಾಡ" ಎಂದೆ. ಬೆರಳಿನಿಂದ ಹಣೆ ತೋರಿಸಿದೆ.

ದುರ್ಗಮ್ಮ ನನ್ನನ್ನೇ ನೋಡಿದಳು. "ಇಷ್ಟು ದಿನ ಅದಕ್ಕಾ ನಿಂತದ್ದು?"

"ಹೌದು."

"ದರ ಇಳಿಲಿ ಅಂತ ಅಲ್ಲಾ?"

"ಅಲ್ಲ."

"ಒಂದು ದಿನವೂ?"

"ಇಲ್ಲ."

ನನ್ನ ಮೇಲೆ ಅವಳಿಗಿದ್ದ ಗೌರವ ಕಣ್ಣೆದುರೇ ಇಳಿದುಹೋಯಿತು. ಇಂಥ ಪೆದ್ದಿಗೆ ಹೆದರಿ ದಿನಾ ದರ ಇಳಿಸಿದೆನಲ್ಲ ಎಂದು ಅವಳಿಗೆ ಅನಿಸಿದ್ದು ನನಗೆ ತಿಳಿಯಿತು. "ಅದೆಲ್ಲ ನಾ ನಂಬೂದಿಲ್ಲ, ಕೊಡಿ" ಎಂದು ಅವಳು ಹೇಳುತ್ತಾಳೆಂದು ನೀನು ಕಾಯುತ್ತಿರಬಹುದು. ಅವಳು ಹೇಳಲಿಲ್ಲ. ಅವಳೂ ನಂಬುತ್ತಿದ್ದಳು. ಬುಟ್ಟಿ ತುಂಬ ಮೀನು, ಹೊರಗೆ ಮಳೆ, ಎದುರಿಗೆ ನಾನು. ನಾನು ಹಿಂದೆ ಸರಿಯಲು ಕಾಲೆತ್ತಿದೆ.

"ನಿಲ್ಲಿ" ಎಂದಳು. "ಮೀನು ಯಾರಿಗೆ?"

"ಮೊಮ್ಮಗಳಿಗೆ. ಜ್ವರ ಬಿಟ್ಟದೆ. ಸಾರು ಕೇಳ್ತು."

"ಹೆಸರೆಂತ?"

"ಸಾನ್ವಿ."

"ತಿಂಬೂದು ಅವ್ಳು ಅಂದ್ಮೇಲೆ ಬೋಣಿಯೂ ಅವ್ಳದ್ದೇ. ನೀವು ಬರೀ ತಂದು ಕೊಟ್ಟದ್ದು. ಆತು!" ನನ್ನ ಕೈಯಿಂದ ದುಡ್ಡು ಕಿತ್ತುಕೊಂಡು, ಬುಟ್ಟಿಯ ಅಂಚಿಗೆ ತಾಗಿಸಿ, ಕಣ್ಣಿಗೊತ್ತಿಕೊಂಡು, "ಸಾನ್ವಿ ಬೋಣಿ!" ಎಂದು ಕೂಗಿದಳು. ಕಡಲಿನವರೆಗೆ ಕೇಳಿಸಿರಬೇಕು.

ನನ್ನ ಹೆಸರಿಗಾದರೆ ಅಪಶಕುನ ಹೊಸತಲ್ಲ. ಬುಟ್ಟಿ ಖರ್ಚಾಗದೆ ಉಳಿದರೆ ನಾಳೆಯಿಂದ ಕೈಗುಣ ಕೆಟ್ಟವಳು ನೀನಾಗುತ್ತಿದ್ದೆ, ಅದೂ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ. ಮೀನು ಚೀಲಕ್ಕೆ ಹಾಕಿಕೊಂಡರೂ ಹೊರಡಲು ಆಗಲಿಲ್ಲ. ಬುಟ್ಟಿಯನ್ನೇ ನೋಡುತ್ತ ನಿಂತೆ. ದೇವರಿಗೆ ಕೈಮುಗಿಯುವಾಗಲೂ ನಾನು ಅಷ್ಟು ಮನಸ್ಸಿಟ್ಟು ನಿಂತಿರಲಿಲ್ಲ.

ಆಗ ಗೋಡೆಯ ಬದಿಯಿಂದ ಒಬ್ಬಳ ದನಿ ಬಂತು. "ಕಂಬದಮ್ಮನೇ ಕಾಯದೆ ತಕಂಡ್ರು ಅಂದ್ರೆ ಇವತ್ತು ಇನ್ನು ಮೀನು ಬರೂದಿಲ್ಲ. ಬನ್ನಿ, ಬನ್ನಿ!" ಆಮೇಲೆ ನಡೆದದ್ದನ್ನು ಬರೆಯಲು ನನ್ನ ಅಕ್ಷರಕ್ಕೆ ಅಷ್ಟು ವೇಗವಿಲ್ಲ. ಮಳೆ ನಿಲ್ಲುವ ಮೊದಲೇ ಬುಟ್ಟಿಯ ತಳ ಕಂಡಿತು. ದುರ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹುಡುಗಿ ಕೈಗುಣ ಕಾಣಿ!" ಎಂದಳು.

ಮರುದಿನ ನಾನು ಕಾಲಿಡುವ ಮೊದಲೇ ಕೂಗಿದಳು, "ಸಾನ್ವಿ ಬೋಣಿ ಬಂತು!" ಸಾಹೇಬರು ಊರಿಂದ ಬಂದ ಮೇಲೂ ಅವರನ್ನೇ ಸ್ವಲ್ಪ ನಿಲ್ಲಿ ಎಂದಳು. ಅವರು ನಗುತ್ತ ನಿಂತರು. ನನ್ನನ್ನು ತಾನೇ ತಯಾರು ಮಾಡಿದ್ದು ಎಂದು ಅವರಿಗೆ ಹೆಮ್ಮೆ. ಹೀಗೆ ಈ ಮಳೆಗಾಲವೆಲ್ಲ ನೀನು ಮುಸುಕು ಹಾಕಿ ಮಲಗಿರುವಾಗಲೇ ಭಟ್ಕಳದ ಮೀನುಪೇಟೆಯಲ್ಲಿ ವ್ಯಾಪಾರ ಶುರು ಮಾಡಿಕೊಟ್ಟಿದ್ದೀಯ. ನಾನು ಬರೀ ತಂದು ಕೊಟ್ಟವಳು. ಸೂಪರ್ ಮಾರ್ಕೆಟ್ಟಿನಲ್ಲಿ ನಿನ್ನ ಹೆಸರು ಕೂಗುವವರು ಯಾರೂ ಇರಲಿಲ್ಲ. ಅದಕ್ಕೇ ಸಾಬೂನು ಓದಬೇಕಾಯಿತು.

ಮೊನ್ನೆ ಭಾನುವಾರದ್ದು ನೀನೇ ನೋಡಿದ್ದೀಯ, ಆದರೆ ನಿನಗೆ ಅರ್ಥವಾಗಲಿಲ್ಲ. ನೀನು ಬೇಗ ಎದ್ದು, ನಾನೂ ಬರುತ್ತೇನೆ ಎಂದು ಹಟ ಮಾಡಿ ಬಂದೆ. ದುರ್ಗಮ್ಮ ಎದ್ದು ನಿಂತಳು. "ಇದೇನಾ ನಮ್ಮ ಬೋಣಿ ಹುಡುಗಿ!" ಎಂದು ಗಲ್ಲ ಹಿಡಿದಳು, ನಿನ್ನ ಗಲ್ಲಕ್ಕೆ ಮೀನಿನ ಹುರುಪೆ ಅಂಟಿತು. ದುಡ್ಡು ಕೊಡಲು ನೀನು ಅಮ್ಮನ ಫೋನು ತೆಗೆದೆ. "ಫೋನಲ್ಲಿ ಬೋಣಿ ಬ್ಯಾಡ, ಕೈಯಿಂದ ಕೈಗೆ ಬರ್ಬೇಕು" ಎಂದಳು ದುರ್ಗಮ್ಮ. ನಾನು ನೋಟು ನಿನಗೆ ಕೊಟ್ಟೆ. ಮನಸ್ಸು ಹಗುರವಾಯಿತು. ಹೆಸರಿದ್ದವಳೇ ಬಂದಿದ್ದಾಳೆ, ಇನ್ನು ನನ್ನ ಕೆಲಸವಿಲ್ಲ ಎಂದು ಒಂದು ಹೆಜ್ಜೆ ಹಿಂದೆ ನಿಂತೆ.

ನೀನು ನೋಟು ಚಾಚಿದೆ. ದುರ್ಗಮ್ಮನ ಕೈ ಅರ್ಧ ಬಂದು ನಿಂತಿತು. ನಿನ್ನ ಕೈ ನೋಡಿದಳು, ತುಂಬಿದ ಬುಟ್ಟಿ ನೋಡಿದಳು.

"ಬೇಜಾರು ಮಾಡ್ಕಣ್ಬೇಡ ಮಗಾ" ಎಂದಳು. "ಅಮ್ಮ, ನೀವೇ ಕೊಡಿ. ನಿಮ್ಮ ಕೈಯಿಂದ ಬಂದ್ರೇ ನಂಗೆ ಸಮ ಆಪೂದು."

"ನನ್ನ ಕೈಗೆ ಎಂತ ಆಗಿದೆ?" ಎಂದು ನೀನು ಮುಖ ಊದಿಸಿದೆ. ನಾನು ನೋಟು ತೆಗೆದುಕೊಂಡು ಕೊಟ್ಟೆ. ಅವಳು ಅದನ್ನು ಬುಟ್ಟಿಗೆ ತಾಗಿಸಿ ಕಣ್ಣಿಗೊತ್ತಿಕೊಂಡಳು. ಯಾರ ಹೆಸರನ್ನೂ ಕೂಗಲಿಲ್ಲ. ಕೂಗಲಿಲ್ಲ ಎಂಬುದು ಅವಳಿಗೇ ತಿಳಿದಿರಲಿಕ್ಕಿಲ್ಲ. ಆಗಲೇ ಬಂಗಡೆ ಎಣಿಸಿ ನನ್ನ ಚೀಲಕ್ಕೆ ಹಾಕುತ್ತಿದ್ದಳು.

ಬೋಣಿ ಗಿರಾಕಿಯನ್ನು ಬೇಸರ ಮಾಡಿ ಕಳಿಸುವಂತಿಲ್ಲ. ಇದು ನನಗೆ ಮೊದಲಿನಿಂದ ಗೊತ್ತಿದ್ದ ವಿಷಯ, ಆದರೆ ನನಗೆ ಸಂಬಂಧಪಟ್ಟದ್ದು ಎಂದು ಅನಿಸಿರಲಿಲ್ಲ. ಚೀಲದೊಳಗೆ ನೋಡಿದೆ. ಬಾಯಿ ತಾನಾಗಿ ತೆರೆಯಿತು.

"ಎಂತ ದುರ್ಗಮ್ಮ, ಬೋಣಿ ಮಾಡಿದವ್ಳಿಗೆ ಇಷ್ಟೇನಾ? ಮತ್ತೆರಡು ಹಾಕು."

"ಅಯ್ಯೋ ಮಾರಾಯ್ತಿ! ಇವ್ರಿಗೆ ಬಾಯಿ ಬಂತಲ್ಲೇ!" ಎಂದು ದುರ್ಗಮ್ಮ ಪಕ್ಕದವಳಿಗೆ ಹೇಳಿದಳು. ಗೊಣಗುತ್ತ ಒಂದು ಬಂಗಡೆ ಹಾಕಿದಳು. ನಾನು ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಂತೆ. ಇನ್ನೊಂದೂ ಬಂತು.

ಆ ಎರಡನೆಯ ಬಂಗಡೆ ಮಧ್ಯಾಹ್ನ ನಿಮ್ಮ ಯಾರ ತಟ್ಟೆಗೂ ಬರಲಿಲ್ಲ. ನಿಮ್ಮನ್ನೆಲ್ಲ ಊಟಕ್ಕೆ ಕರೆಯುವ ಮೊದಲೇ ಅದನ್ನು ಕಾವಲಿಯಿಂದ ತೆಗೆದು, ಬಿಸಿ ಬಿಸಿಯಾಗಿ, ಒಲೆಯ ಹತ್ತಿರವೇ ನಿಂತು ನಾನು ತಿಂದೆ.